ಗ್ಯಾನಮ್ಮನ ಕೈಗುಣ

ಊಟದ ಡಬ್ಬಿಯೊಳಗೆ ಮೂರು ಮೊಟ್ಟೆಗಳಿದ್ದವು. ಸಿಂಧನೂರಿನಲ್ಲಿ ಇಳಿದು ಲಿಂಗಸುಗೂರಿನ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತಮೇಲೂ ವೆಂಕೋಬ ಆ ಡಬ್ಬಿಯನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ಪಕ್ಕದಲ್ಲಿದ್ದ ಮುದುಕ ಎರಡು ಸಲ ಅದರ ಕಡೆ ನೋಡಿ, ಮೂರನೆಯ ಸಲ ತಡೆಯಲಾರದೆ, "ಏನೈತಪಾ ಅದ್ರಾಗ?" ಎಂದು ಕೇಳಿಯೇಬಿಟ್ಟ. "ಬುತ್ತಿ," ಎಂದ ವೆಂಕೋಬ. ಬುತ್ತಿಯನ್ನು ಯಾರಾದರೂ ಹೀಗೆ ಎರಡೂ ಕೈಯಲ್ಲಿ ಹಿಡಿದುಕೊಂಡಿರುತ್ತಾರೆಯೇ ಎಂಬ ಅನುಮಾನ ಬಂದು ಒಂದು ಕೈ ತೆಗೆದ. ತೆಗೆದ ಕೈಯನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ನಲವತ್ತೆರಡು ವರ್ಷದ ಗಂಡಸು, ತುರ್ವಿಹಾಳದ ಗೋಪಣ್ಣನ ಶೆಡ್ಡಿನಲ್ಲಿ ಇಪ್ಪತ್ತು ವರ್ಷದಿಂದ ಭತ್ತ ಕೊಯ್ಯುವ ಮಷೀನುಗಳ ಹೊಟ್ಟೆ ಬಗೆದವನು, ಮೂರು ಕೋಳಿಮೊಟ್ಟೆ ಇಟ್ಟುಕೊಂಡು ಕಳ್ಳನ ಹಾಗೆ ಕೂತಿದ್ದ. ದನದ ದವಾಖಾನೆ ಸಿಂಧನೂರಿನಲ್ಲೂ ಇತ್ತು. ಆದರೆ ಸಿಂಧನೂರಿನ ಬೀದಿಯಲ್ಲಿ ತುರ್ವಿಹಾಳದವರು ಒಬ್ಬರಲ್ಲ ಒಬ್ಬರು ಸಿಕ್ಕೇ ಸಿಗುತ್ತಾರೆ, "ಏನಲೇ ಫಿಟ್ಟರ್, ದನದ ದವಾಖಾನ್ಯಾಗ ನಿಂದೇನು ಕೆಲಸ?" ಎಂದು ಕೇಳುತ್ತಾರೆ, ಆ ಮಾತು ಅವನಿಗಿಂತ ಮುಂಚೆ ಊರು ಮುಟ್ಟುತ್ತದೆ. ಗೋಪಣ್ಣನಿಗೆ ಬೇರಿಂಗ್ ತರಲು ಹೋಗುತ್ತೇನೆಂದು ಹೇಳಿದ್ದ. ಅಕ್ಕನಿಗೆ ಏನನ್ನೂ ಹೇಳಿರಲಿಲ್ಲ. ಬೆಳಿಗ್ಗೆ ಅವಳು ನೀರಿಗೆ ಹೋದಾಗ, ಕಾವು ಕೂತ ಹೇಂಟೆಯ ಹೊಟ್ಟೆಯ ಕೆಳಗೆ ಕೈ ಹಾಕಿ ಸಿಕ್ಕಿದ ಮೂರನ್ನು ತೆಗೆದುಕೊಂಡಿದ್ದ. ಹೇಂಟೆ ಕುಟುಕಿದ ಜಾಗ ಇನ್ನೂ ಚುರುಗುಡುತ್ತಿತ್ತು.

ಬಸ್ಸು ಹೊರಟು ಗಾಳಿ ಆಡಿದರೂ ಮೂಗಿಗೆ ಒಂದು ವಾಸನೆ ಬಡಿಯುತ್ತಿತ್ತು. ಅದು ಡಬ್ಬಿಯದೋ ತನ್ನದೋ ಅವನಿಗೆ ಗೊತ್ತಾಗಲಿಲ್ಲ. ಎಷ್ಟು ತಿಕ್ಕಿ ತೊಳೆದರೂ ಅವನ ಮೈಯಿಂದ ಮಷೀನಿನ ಸುಟ್ಟ ಎಣ್ಣೆಯ ವಾಸನೆ ಹೋಗುತ್ತಿರಲಿಲ್ಲ; ಮದುವೆಗೆಂದು ನೋಡಲು ಹೋದ ಎರಡು ಮನೆಗಳಲ್ಲಿ ಹುಡುಗಿಯರು ಸೆರಗು ಮೂಗಿಗೆ ಹಿಡಿದಿದ್ದು ಅವನಿಗೆ ಇಂದಿಗೂ ನೆನಪಿದೆ. ಆಮೇಲೆ ಅವನು ಯಾವ ಮನೆಗೂ ಹೋಗಲಿಲ್ಲ. "ನಾ ಇಲ್ಲೇನಲೇ ಬೇಸಿ ಹಾಕಾಕ?" ಎಂದಿದ್ದಳು ಗ್ಯಾನಮ್ಮ. ಅವ್ವ ಸತ್ತಾಗ ಆರು ವರ್ಷದವನಾಗಿದ್ದ ಅವನನ್ನು ಬೆಳೆಸಿದವಳು ಈ ಅಕ್ಕನೇ. ಇಪ್ಪತ್ತಾಗುವುದರೊಳಗೆ ಗಂಡನನ್ನು ಕಳೆದುಕೊಂಡು, ಒಂದು ತಗಡಿನ ಟ್ರಂಕು ಹೊತ್ತು ತವರಿಗೆ ಬಂದಿದ್ದಳು. ಮಕ್ಕಳಾಗಿರಲಿಲ್ಲ. ಅಂಥ ಹೆಂಗಸು ಎದುರಾದರೆ ಮುಖ ಆಚೆ ತಿರುಗಿಸುವ ಊರೇ, ಕೂಸು ಹುಟ್ಟಿದರೆ ಮಾತ್ರ ಅವಳ ಬಾಗಿಲಿಗೆ ಬರುತ್ತಿತ್ತು. ಬಾಣಂತಿಗೆ, ಕೂಸಿಗೆ ನೀರೆರೆಯಲು ಗ್ಯಾನಮ್ಮನೇ ಆಗಬೇಕು. ಅವಳ ಕೈಗುಣ ಅಂಥದು ಎನ್ನುತ್ತಿದ್ದರು. ಅವಳ ಹತ್ತಿರ ಇದ್ದದ್ದು ಅದೊಂದೇ.

ಕೋಳಿಗೂ ಅದೇ ಕೈ ಬೇಕು. ಓಣಿಯ ಹೆಂಗಸರು ತಮ್ಮ ತಮ್ಮ ಮೊಟ್ಟೆಗೆ ಗುರುತು ಹಾಕಿ ತಂದು ಕೊಡುತ್ತಿದ್ದರು. ಉಮಾದೇವಿಯದು ಇದ್ದಿಲ ಗೆರೆ, ಹುಸೇನಮ್ಮನದು ಅರಿಶಿನದ ಬೊಟ್ಟು, ಮೆಹರಬಾನುವಿನದು ಬಟ್ಟೆಗೆ ಹಾಕುವ ನೀಲಿಯ ಚುಕ್ಕೆ. ಗ್ಯಾನಮ್ಮ ಅವನ್ನೆಲ್ಲ ಪುಟ್ಟಿಯ ಹುಲ್ಲಿನಲ್ಲಿ ಜೋಡಿಸಿ ಮೇಲೆ ಹೇಂಟೆಯನ್ನು ಕೂಡಿಸುವಳು. ಹತ್ತೊಂಬತ್ತನೆಯ ದಿನ ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರು ತುಂಬಿ ಅದರಲ್ಲಿ ಒಂದೊಂದೇ ಮೊಟ್ಟೆಯನ್ನು ತೇಲಿಬಿಡುವಳು. ಒಳಗೆ ಜೀವ ಇದ್ದರೆ ಮೊಟ್ಟೆ ತಾನೇ ಮಿಸುಕಿ ನೀರಿನ ಮೇಲೆ ಉಂಗುರ ಎಬ್ಬಿಸುತ್ತದೆ. ಮೊಟ್ಟೆಯ ಆ ಕುಣಿತ ನೋಡಲು ಓಣಿಯ ಹೆಂಗಸರೆಲ್ಲ ಸುತ್ತ ಕೂಡುತ್ತಿದ್ದರು. ಯಾರದು ಮೊದಲು ಕುಣಿಯಿತು, ಯಾರದು ಸೋಮಾರಿ ಎಂದು ನಗೆಯೋ ನಗೆ. ಸಣ್ಣವನಿದ್ದಾಗ ವೆಂಕೋಬ ಅಕ್ಕನ ಹೆಗಲ ಮೇಲೆ ಗದ್ದವಿಟ್ಟು ಅದನ್ನು ನೋಡುತ್ತಿದ್ದ.

ನಿನ್ನೆ ಒಂದೂ ಕುಣಿಯಲಿಲ್ಲ. ಹನ್ನೊಂದು ಮೊಟ್ಟೆ ಬೋಗುಣಿಯಲ್ಲಿ ಸುಮ್ಮನೆ ತೇಲುತ್ತಿದ್ದವು. ನೀರು ಆರಿತೆಂದು ಗ್ಯಾನಮ್ಮ ಇನ್ನಷ್ಟು ಬಿಸಿನೀರು ಸುರಿದಳು. ಹೆಂಗಸರು ಮೊದಲು ಮೊಟ್ಟೆಗಳನ್ನು, ಆಮೇಲೆ ಒಬ್ಬರ ಮುಖ ಒಬ್ಬರು, ಕಡೆಗೆ ಗ್ಯಾನಮ್ಮನ ಕೈ ನೋಡಿದರು. ಬಾಗಿಲಲ್ಲಿ ನಿಂತಿದ್ದ ವೆಂಕೋಬನಿಗೆ ಆ ಕೈಯನ್ನು ಯಾರಾದರೂ ಸೆರಗಿನಿಂದ ಮುಚ್ಚಬಾರದೇ ಅನ್ನಿಸಿತು. ಹೋದ ಸಲದ ಕಾವಿನಲ್ಲೂ ಹೀಗೇ ಆಗಿತ್ತು. ಹದಿಮೂರರಲ್ಲಿ ಒಂದೇ ಒಂದು ಮರಿ ಹೊರಗೆ ಬಂತು, ಮೇಲಿನ ಕೊಕ್ಕು ಎಡಕ್ಕೆ, ಕೆಳಗಿನದು ಬಲಕ್ಕೆ. ಕಾಳು ಎತ್ತಲಾರದೆ ಮೂರನೆಯ ದಿನ ಸತ್ತಿತು. ಉಮಾದೇವಿ ಎದ್ದು ಸೀರೆ ಕೊಡವಿಕೊಂಡಳು. ಅವಳ ಮಗಳು ಮಹಾಲಕ್ಷ್ಮಿ ಹೆತ್ತು ಹನ್ನೆರಡು ದಿನವಾಗಿತ್ತು. ಕೂಸಿಗೆ ದಿನಾ ಎರೆಯುತ್ತಿದ್ದವಳು ಗ್ಯಾನಮ್ಮನೇ. "ಗ್ಯಾನಕ್ಕಾ, ನಾಳಿಂದ ನೀ ಬರೋದು ಬ್ಯಾಡ. ನಾವ ಹೆಂಗರ ಎರಕೋತೀವಿ. ತಪ್ಪು ತಿಳೀಬ್ಯಾಡ," ಎಂದು ಬಹಳ ಮೆತ್ತಗೆ ಹೇಳಿದಳು. ಬೈದಿದ್ದರೆ ಚೆನ್ನಾಗಿತ್ತು. ಎಲ್ಲರೂ ಹೋದಮೇಲೆ ಗ್ಯಾನಮ್ಮ ಮೊಟ್ಟೆಗಳನ್ನು ಒರೆಸಿ ಮತ್ತೆ ಹೇಂಟೆಯ ಕೆಳಗಿಟ್ಟು, "ಇಪ್ಪತ್ತೊಂದು ದಿನ ತುಂಬ್ಲಿ," ಎಂದಳು. ರಾತ್ರಿ ಅಡುಗೆ ಮಾಡಿದಳು, ಆದರೆ ರೊಟ್ಟಿಯನ್ನು ತಾನು ಬಡಿಸಲಿಲ್ಲ. "ನೀನ ತಗೋ," ಎಂದು ಬುಟ್ಟಿಯನ್ನು ಅವನ ಕಡೆ ತಳ್ಳಿದಳು.

ಅವನು ಅರ್ಧ ರೊಟ್ಟಿಗೇ ಎದ್ದ. ಯಾಕೆಂದರೆ ಆ ನೀಲಿ ಬಾಟಲಿ ಅಲ್ಲೇ ಗೋಡೆಯ ಗೂಡಿನಲ್ಲಿ ಇತ್ತು. ಕೋಳಿಗೆ ಹೇನು ಬಿದ್ದಿವೆ, ಕಾವಿನಲ್ಲಿ ಕೂಡಲಿಕ್ಕೆ ಬಿಡುತ್ತಿಲ್ಲ ಎಂದು ಅಕ್ಕ ಎರಡು ತಿಂಗಳ ಕೆಳಗೆ ಅಂದಿದ್ದಳು. ಅವನು ಶೆಡ್ಡಿನಿಂದ, ಇಂಜಿನ್ನಿನಿಂದ ಬಸಿದ ಕರಿ ಎಣ್ಣೆಯನ್ನು ಕೊಬ್ಬರಿ ಎಣ್ಣೆಯ ಖಾಲಿ ನೀಲಿ ಬಾಟಲಿಯಲ್ಲಿ ತುಂಬಿಕೊಂಡು ಬಂದ. ಊರೆಲ್ಲ ಅವನ ಹತ್ತಿರ ಅದನ್ನು ಕೇಳಿ ಒಯ್ಯುತ್ತಿತ್ತು. ಗೆದ್ದಲಿಗೆ, ಎತ್ತಿನ ಗೊರಸಿಗೆ, ಬಾಗಿಲ ಕೀಲಿಗೆ, ಯಾವುದಕ್ಕೆ ಬೇಕಾದರೂ. ಬೇರೆ ಏನನ್ನೂ ಕೊಡಲಾರದ ಮನುಷ್ಯನಿಗೆ ಅದನ್ನು ಕೊಡುವುದರಲ್ಲಿ ಒಂದು ದೊಡ್ಡಸ್ತಿಕೆ ಇತ್ತು. ಅಂಗೈಗೆ ಸುರಿದುಕೊಂಡು ರೆಕ್ಕೆಯ ಕೆಳಗೆ, ಹೊಟ್ಟೆಗೆ ತಿಕ್ಕು ಎಂದು ತೋರಿಸಿದವನೂ ಅವನೇ. ಅಕ್ಕ ಹಾಗೇ ತಿಕ್ಕಿದಳು. ಅದೇ ಕೈಯಿಂದ ದಿನಕ್ಕೆರಡು ಸಲ ಮೊಟ್ಟೆಗಳನ್ನು ಮಗ್ಗುಲು ಬದಲಿಸಿದಳು. ಹೇನು ಹೋದವು. ಇದಕ್ಕೂ ಅದಕ್ಕೂ ಏನಾದರೂ ಸಂಬಂಧ ಇದೆಯೇ ಎಂದು ಅವನು ತನ್ನನ್ನೇ ಕೇಳಿಕೊಂಡದ್ದು ಆ ಕೊಕ್ಕು ತಿರುಚಿದ ಮರಿ ಸತ್ತ ದಿನ. ಕೇಳಿಕೊಂಡವನು ಉತ್ತರಕ್ಕೆ ಕಾಯಲಿಲ್ಲ, ಎದ್ದು ಕೆಲಸಕ್ಕೆ ಹೋಗಿದ್ದ.

ಲಿಂಗಸುಗೂರಿನ ಡಾಕ್ಟರು ಭಾರತಿ ಎಂಬ ಹುಡುಗಿ. ಯಾವೂರು ಎಂದು ಕೇಳಿದಳು. ಅವನು "ಮುಕ್ಕುಂದಾ ರೀ," ಎಂದ. ಸುಳ್ಳು ಇಷ್ಟು ಸಲೀಸಾಗಿ ಬರುವುದು ಅವನಿಗೇ ಆಶ್ಚರ್ಯವಾಯಿತು. ಇಪ್ಪತ್ತನೆಯ ದಿನದ ಮೊಟ್ಟೆ ಎಂದಾಗ ಅವಳು, "ಈ ಬಿಸಲಾಗ ಕೆಟ್ಟಿರಬೇಕು ಬಿಡ್ರಿ," ಎಂದಳು. ಅವನ ಎದೆ ಹಗುರಾಯಿತು. "ಹೌದ್ರಿ, ಭಾಳ ಬಿಸಲ್ರಿ," ಎಂದು ಎರಡು ಸಲ ಹೇಳಿದ. ಅಷ್ಟಕ್ಕೇ ಎದ್ದು ಬಂದಿದ್ದರೆ ಮುಗಿಯುತ್ತಿತ್ತು. ಅಷ್ಟರಲ್ಲಿ ಅವಳು ಒಂದು ಮೊಟ್ಟೆ ಎತ್ತಿ ಹೆಬ್ಬೆರಳಿನಿಂದ ತಿಕ್ಕಿ, ಬೆರಳನ್ನು ಮೂಗಿಗೆ ಹಿಡಿದಳು. ಒಂದು ಬಿಳಿ ತಾಟು ತರಿಸಿ ಮೂರನ್ನೂ ಒಡೆದಳು. ಮೊದಲನೆಯದರಲ್ಲಿ ಒಂದು ಕೆಂಪು ಉಂಗುರ ಬಿಟ್ಟರೆ ಏನೂ ಇರಲಿಲ್ಲ. ಎರಡನೆಯದರಲ್ಲಿ ಬೆರಳುಗಾತ್ರದ್ದೊಂದು, ನೀರು ತುಂಬಿ ಊದಿದ ಕುತ್ತಿಗೆಯದು, ಮುದುಡಿಕೊಂಡಿತ್ತು. ಮೂರನೆಯದಕ್ಕೆ ಒದ್ದೆ ಪುಕ್ಕವೂ ಉಗುರೂ ಬಂದಿದ್ದವು. ಅದರ ಕೊಕ್ಕು ಕತ್ತರಿ ಹಾಕಿಕೊಂಡಿತ್ತು. ಒಂದು ಮಗ್ಗುಲಲ್ಲಿ ಕಣ್ಣು ಇರಬೇಕಾದ ಜಾಗದಲ್ಲಿ ಬರೀ ಚರ್ಮ.

"ಕೋಳಿಗಿ ಏನರ ಹಚ್ಚೀರೇನ್ರಿ?"

"ಇಲ್ರೀ."

ಅವಳು ಅವನ ಉಗುರುಗಳನ್ನು ನೋಡಿದಳು. ಇಪ್ಪತ್ತು ವರ್ಷದ ಕಪ್ಪು ಅಲ್ಲಿ ಕೂತಿತ್ತು. "ಏನು ಕೆಲಸ ಮಾಡ್ತೀರಿ?" ಎಂದಳು. "ಒಕ್ಕಲುತನ ರೀ," ಎಂದ, ಕೈಯನ್ನು ಡಬ್ಬಿಯ ಹಿಂದೆ ಸರಿಸುತ್ತ.

"ಸುಟ್ಟ ಎಣ್ಣಿ ಹಚ್ತಾರ ನೋಡ್ರಿ ಮಂದಿ, ಹೇನಿಗಂತ. ಅದಕ್ಕ ಕೇಳ್ದೆ," ಎಂದಳು ಭಾರತಿ. ಅವನು ಸುಳ್ಳು ಹೇಳುತ್ತಿದ್ದಾನೆಂದು ಅವಳಿಗೆ ಗೊತ್ತಿತ್ತು, ಗೊತ್ತಿದ್ದೂ ಸಿಟ್ಟಾಗಲಿಲ್ಲ, ಅದೇ ಅವನನ್ನು ಹಿಂಡಿತು. "ಹಕ್ಕಿ ಹೊಟ್ಟಿಗಿ ಹತ್ತಿದ್ದು ಮೊಟ್ಟಿಗಿ ಹತ್ತತೈತಿ. ಚಿಪ್ಪಿನಾಗ ಕಣ್ಣಿಗಿ ಕಾಣಲಾರದ ತೂತು ಇರ್ತಾವ್ರಿ, ಒಳಗಿನ ಮರಿ ಅದ್ರಾಗ ಉಸುರಾಡ್ತೈತಿ. ಅದ್ರಾಗ ಹಾದು ವಿಷಾನೂ ಇಳೀತೈತಿ. ಬಾಟ್ಲಿಗಟ್ಟಲೆ ಬೇಕಾಗಿಲ್ಲ, ಒಂದೆರಡು ಹನಿ ಸಾಕು. ಶುರುವಿನ ದಿನದಾಗ ಹತ್ತಿದ್ರ ಅಲ್ಲೇ ನಿಂತುಬಿಡ್ತಾವ. ಹಂಗೂ ಬೆಳದ್ರ ಹಿಂಗ." ಚಿಮಟದಿಂದ ಆ ಕೊಕ್ಕನ್ನು ಎತ್ತಿ ತೋರಿಸಿದಳು. "ಮನ್ಯಾಗ ಕೋಳಿ ಯಾರು ನೋಡ್ತಾರ?"

"ನಮ್ಮಕ್ಕ ರೀ."

"ಹಚ್ಚಿದ್ರ ಬಿಡಾಕ ಹೇಳ್ರಿ. ಅವ್ರ ಕೈಗೂ ಚಲೋ ಅಲ್ಲ ಅದು."

ಬಸ್ ನಿಲ್ದಾಣದ ನೆರಳಲ್ಲಿ ನಿಂತಾಗ ಅವನಿಗೆ ಡಾಕ್ಟರು ಹೇಳಿದ ಕೋಳಿ ನೆನಪಾಗಲಿಲ್ಲ, ಟಿಟ್ಟಿಭ ಹಕ್ಕಿ ನೆನಪಾಯಿತು. ಶೆಡ್ಡಿನ ಹಿಂದೆ, ಕಳಚಿ ಬಿಸಾಕಿದ ಮಷೀನಿನ ಹಲ್ಲುಗಳ ನಡುವೆ, ಗರಸು ನೆಲದ ಮೇಲೆ ಆ ಹಕ್ಕಿ ನಾಲ್ಕು ಮೊಟ್ಟೆ ಇಟ್ಟಿತ್ತು. ಬಿಸಿಲು ನೆತ್ತಿಗೆ ಬಂದಾಗ ಎದ್ದು ಹೋಗಿ ಮಷೀನು ತೊಳೆದ ನೀರು ನಿಂತ ಗುಂಡಿಯಲ್ಲಿ ಎದೆ ಹೊಟ್ಟೆ ನೆನೆಸಿಕೊಂಡು ಓಡೋಡಿ ಬಂದು ಮೊಟ್ಟೆಗಳ ಮೇಲೆ ಕೂಡುತ್ತಿತ್ತು, ಅವು ಬೇಯಬಾರದೆಂದು. ದಿನಾ ಬುತ್ತಿ ಉಣ್ಣುತ್ತ ವೆಂಕೋಬ ಅದನ್ನು ನೋಡುತ್ತಿದ್ದ. ಎಂಥ ತಾಯಿ ಎಂದು ಕಣ್ಣಲ್ಲಿ ನೀರು ಕೂಡ ಬಂದಿತ್ತು ಒಮ್ಮೆ. ಆ ಗುಂಡಿಯ ಮೇಲೆ ಎಣ್ಣೆ ಏಳು ಬಣ್ಣದಲ್ಲಿ ಹೊಳೆಯುತ್ತಿತ್ತು. ಅದಕ್ಕೆ ಎಣ್ಣೆ ಬಿಡುತ್ತಿದ್ದವನು ತಾನೇ. ಹಕ್ಕಿಯ ಬಿಳಿ ಹೊಟ್ಟೆ ದಿನದಿಂದ ದಿನಕ್ಕೆ ಕಂದಾಗಿದ್ದನ್ನು ನೋಡಿ, ಮಣ್ಣು ಮೆತ್ತಿರಬೇಕು ಅಂದುಕೊಂಡಿದ್ದ. ದಿನ ತುಂಬಿ ಎಷ್ಟೋ ಕಾಲವಾದರೂ ಅದು ಇನ್ನೂ ಕೂತೇ ಇದೆ. ನಿನ್ನೆಯೂ ನೀರಿಗೆ ಹೋಗಿ ಹೊಟ್ಟೆ ನೆನೆಸಿಕೊಂಡು ಬಂತು.

ಅಕ್ಕನಿಗೆ ಹೇಳಲೇಬೇಕು. ಬಸ್ಸಿನಲ್ಲಿ ಮನಸ್ಸಿನಲ್ಲೇ ಹತ್ತು ರೀತಿ ಹೇಳಿ ನೋಡಿದ. ಯಕ್ಕಾ, ನಿನ್ನ ಕೈದು ತಪ್ಪಲ್ಲ, ಎಣ್ಣೆಯದು. ಹಾಗಂದರೆ ಅವಳು ಏನು ಕೇಳುತ್ತಾಳೆ? ಎಣ್ಣೆ ಹಚ್ಚಿದ ಕೈ ಯಾವುದು ಎಂದು ಕೇಳುತ್ತಾಳೆ. ಓಣಿಯವರು ಅಂದದ್ದು ಖರೆಯೇ ಆಯಿತಲ್ಲ, ಕೈಯೇ ಕೊಂದಿತಲ್ಲ ಎನ್ನುತ್ತಾಳೆ. ನಲವತ್ತು ವರ್ಷ ಆ ಕೈಯಿಂದ ಬದುಕಿದವಳು ಆಮೇಲೆ ಅದನ್ನು ಎಲ್ಲಿ ಇಟ್ಟುಕೊಳ್ಳಬೇಕು? ಅಕ್ಕನ ಮೇಲಿನ ಪ್ರೀತಿಯಿಂದಲೇ ಹೀಗೆ ಯೋಚಿಸುತ್ತಿದ್ದೇನೆ ಎಂದು ಅವನು ನಂಬಿದ. ಎಣ್ಣೆ ತಂದುಕೊಟ್ಟವನು ಯಾರು ಎಂಬ ಪ್ರಶ್ನೆ ಆ ಹತ್ತು ರೀತಿಯಲ್ಲಿ ಒಂದರಲ್ಲೂ ಬರದ ಹಾಗೆ ನೋಡಿಕೊಂಡಿದ್ದ ಜಾಣ ಅವನು.

ಮಸ್ಕಿಯಲ್ಲಿ ಬಸ್ಸು ನಿಂತಾಗ ಕೆಳಗೆ ಮರಿಗಳ ಚಿಂವ್ ಚಿಂವ್ ಕೇಳಿತು. ರಟ್ಟಿನ ಪೆಟ್ಟಿಗೆಗೆ ತೂತು ಹೊಡೆದು ಒಬ್ಬ ಜವಾರಿ ಕೋಳಿಮರಿ ಮಾರುತ್ತಿದ್ದ. ನಿನ್ನೆ ಮೊನ್ನೆ ಚಿಪ್ಪು ಒಡೆದವು, ನೆಟ್ಟಗಿನ ಕೊಕ್ಕಿನವು, ಎರಡೆರಡು ಕಣ್ಣಿನವು. ವೆಂಕೋಬ ಇಳಿದ. ಹನ್ನೊಂದರಲ್ಲಿ ಮೂರು ಹೋದರೆ ಎಂಟು. ಎಂಟನ್ನು ಆರಿಸಿಕೊಂಡ, ಒಂದೊಂದನ್ನೂ ಬೆಳಕಿಗೆ ಹಿಡಿದು ಕೊಕ್ಕು ನೋಡಿದ್ದಕ್ಕೆ ಮಾರುವವನು, "ಹೆಣ್ಣು ನೋಡಾಕ ಬಂದೀಯೇನಪಾ?" ಎಂದು ನಕ್ಕ.

ಮನೆ ಮುಟ್ಟಿದಾಗ ಇನ್ನೂ ಬೆಳಕಿತ್ತು. ಅಕ್ಕ ಹಿಟ್ಟಿನ ಗಿರಣಿಗೆ ಹೋಗಿದ್ದಳು. ಅವನು ಪುಟ್ಟಿಯನ್ನು ಕತ್ತಲ ಮೂಲೆಗೆ ಸರಿಸಿ, ಹೇಂಟೆಯ ಕೆಳಗಿನ ಎಂಟು ಮೊಟ್ಟೆ ತೆಗೆದು ಒಂದೊಂದಾಗಿ ಮರಿಗಳನ್ನು ನೂಕಿದ. ಹೇಂಟೆ ಒಂದು ಸಲ ಗುರ್ ಎಂದು, ಆಮೇಲೆ ರೆಕ್ಕೆ ಅಗಲಿಸಿ ಅವನ್ನು ಒಳಗೆ ಎಳೆದುಕೊಂಡಿತು. ಪುಟ್ಟಿಯಲ್ಲಿ ಚಿಪ್ಪು ಇರಬೇಕಲ್ಲ. ಹಿತ್ತಲಿನಲ್ಲಿ ಕುಕ್ಕರಗಾಲಲ್ಲಿ ಕೂತು, ಒಂದು ಗುಂಡಿ ತೋಡಿ, ಮೊಟ್ಟೆಗಳನ್ನು ಗುರುತು ಅಳಿಯದ ಹಾಗೆ ಒಡೆದು, ಚಿಪ್ಪನ್ನು ಪುಟ್ಟಿಗೆ ಹಾಕಲೆಂದು ಬದಿಗಿಟ್ಟು, ಒಳಗಿದ್ದದ್ದನ್ನು ಗುಂಡಿಗೆ ಸುರಿಯತೊಡಗಿದ. ಅರಿಶಿನದ ಬೊಟ್ಟು, ನೀಲಿ ಚುಕ್ಕೆ, ಮತ್ತೆ ನೀಲಿ ಚುಕ್ಕೆ. ವಾಸನೆಗೆ ಉಸಿರು ಬಿಗಿಹಿಡಿದಿದ್ದ. ಎಂಟನೆಯದು ಉಮಾದೇವಿಯ ಇದ್ದಿಲ ಗೆರೆಯದು. ಅದು ಬೆಚ್ಚಗಿತ್ತು. ಒಡೆದಾಗ ಒಳಗಿನದು ಅವನ ಅಂಗೈಯಲ್ಲಿ ಕಾಲು ಚಾಚಿತು. ಕತ್ತರಿಯಾದ ಕೊಕ್ಕನ್ನು ತೆರೆಯಿತು, ಮುಚ್ಚಿತು. ಸದ್ದು ಬರಲಿಲ್ಲ. ನಿನ್ನೆ ನೀರಿನಲ್ಲಿ ಕುಣಿಯಲಾರದಷ್ಟು ನಿತ್ರಾಣವಾಗಿದ್ದದ್ದು ಇಷ್ಟು ಹೊತ್ತೂ ಬದುಕಿತ್ತು. ಓಣಿಯಲ್ಲಿ ಅಕ್ಕನ ಚಪ್ಪಲಿಯ ಸದ್ದು ಕೇಳಿದ ಹಾಗಾಯಿತು. ವೆಂಕೋಬ ಅದನ್ನು ಗುಂಡಿಗೆ ಹಾಕಿ ಮಣ್ಣು ಎಳೆದ. ಮಣ್ಣಿನ ಮೇಲೆ ಕೈಯಿಟ್ಟು ಒತ್ತಿದ. ಕೆಳಗೆ ಏನೋ ಒಮ್ಮೆ ಮಿಸುಕಿತೆಂದು ಅನ್ನಿಸಿ, ಕೈ ತೆಗೆಯದೆ ಹಾಗೇ ಕೂತಿದ್ದ. ಬಂದದ್ದು ಅಕ್ಕನಲ್ಲ, ಬೇರೆ ಯಾರೋ.

ಆಮೇಲೆ ನಡೆದದ್ದು ಅವನು ಬಸ್ಸಿನಲ್ಲಿ ಕಲ್ಪಿಸಿಕೊಂಡದ್ದಕ್ಕಿಂತ ಚೆನ್ನಾಗಿ ನಡೆಯಿತು. ಗ್ಯಾನಮ್ಮ ಹಿಟ್ಟಿನ ಡಬ್ಬಿಯನ್ನು ನಡುಮನೆಯಲ್ಲೇ ಇಟ್ಟು ಪುಟ್ಟಿಯ ಮುಂದೆ ಕೂತುಬಿಟ್ಟಳು. ಒಂದೊಂದು ಮರಿಯನ್ನೂ ಎತ್ತಿ ಕೆನ್ನೆಗೆ ಒತ್ತಿಕೊಂಡಳು. ಮೂರು ಕೆಟ್ಟಿದ್ದವು, ತಾನೇ ಎಸೆದೆ ಎಂದು ವೆಂಕೋಬ ಹೇಳಿದ. "ಒಂದು ದಿನ ಮದ್ಲ ಬಂದಾವ ನೋಡಲೇ! ನೀರು ಸುಳ್ಳು ಹೇಳ್ತು, ನನ್ನ ಕೈ ಸುಳ್ಳಾಗ್ಲಿಲ್ಲ," ಎಂದು ಅಳುತ್ತ ನಕ್ಕಳು. ಅವಳು ಅತ್ತದ್ದನ್ನು ಅವನು ಅವ್ವ ಸತ್ತಮೇಲೆ ನೋಡಿರಲಿಲ್ಲ. ಸಂತೋಷದಿಂದ ಅವನಿಗೂ ಎದೆ ತುಂಬಿ ಬಂತು, ಅದು ಸುಳ್ಳಲ್ಲ. ಓಣಿ ಸೇರಿತು. ಮೆಹರಬಾನು ತನ್ನ ನೀಲಿ ಚುಕ್ಕೆಯ ಚಿಪ್ಪು ಗುರುತಿಸಿ, "ಅಲ್ಲಾನ ದಯೆ," ಎಂದಳು. ಉಮಾದೇವಿ ಇದ್ದಿಲ ಗೆರೆಯ ಚಿಪ್ಪನ್ನು ಕೈಯಲ್ಲಿ ಹಿಡಿದುಕೊಂಡು, "ಗ್ಯಾನಕ್ಕಾ, ನನ್ನ ನಾಲಿಗಿ ಸುಡ್ಲಿ. ನಾಳೆ ಎರಿಯಾಕ ನೀನ ಬರಬೇಕು, ಕೂಸು ಯಾರ ಕೈಗೂ ಹೊಂದವಲ್ದು," ಎಂದಳು.

"ನಂದೇನೈತಿ ಬೇ," ಎಂದಳು ಗ್ಯಾನಮ್ಮ, ಗೂಡಿನಿಂದ ನೀಲಿ ಬಾಟಲಿ ತೆಗೆದು ಎಲ್ಲರಿಗೂ ತೋರಿಸುತ್ತ. "ಎಲ್ಲಾ ಇದ್ರದು. ನನ್ನ ತಮ್ಮ ತಂದು ಕೊಟ್ಟಾನ. ಹೇನು ಸತ್ತು ಕೋಳಿ ತಣ್ಣಗ ಕುಂತ್ತು, ಮರಿ ಎಷ್ಟು ಗಟ್ಟಿ ಅದಾವ ನೋಡ್ರಿ. ಒಯ್ರಿ, ಎಲ್ಲಾರೂ ಒಯ್ರಿ. ಲೇ ವೆಂಕೋಬ, ನಾಳೆ ಒಂದು ಕ್ಯಾನ್ ತುಂಬ ತಗೊಂಬಾ." ಹೆಂಗಸರು ಅವನನ್ನು ನೋಡಿದರು. ಅಷ್ಟು ಆದರದಿಂದ ಅವನನ್ನು ಯಾರೂ ಯಾವತ್ತೂ ನೋಡಿರಲಿಲ್ಲ. ಹುಸೇನಮ್ಮ ಆಗಲೇ ಒಂದು ಖಾಲಿ ಶೀಷೆ ತರಲು ಮನೆಗೆ ಓಡಿದ್ದಳು. ಈಗ ಹೇಳಬೇಕು, ಈಗ, ಎಂದು ಅವನ ಒಳಗೆ ಬಡಿದುಕೊಳ್ಳುತ್ತಿದ್ದಾಗಲೇ ಅವನ ಮುಖ ತಾನಾಗಿ ನಕ್ಕಿತು. "ಆಗ್ಲಿ, ತರ್ತೀನಿ," ಎಂದ.

ಬೆಳಿಗ್ಗೆ ಗ್ಯಾನಮ್ಮ ಒಗೆದ ಸೀರೆ ಉಟ್ಟು ಉಮಾದೇವಿಯ ಮನೆಗೆ ಹೊರಟಳು. ಬಾಗಿಲಲ್ಲಿ ನಿಂತು ಕೈ ನೋಡಿಕೊಂಡಳು. ಅಂಗೈಯ ಗೆರೆಗಳಲ್ಲಿ, ಬಿರುಕುಗಳಲ್ಲಿ, ತೊಳೆದರೂ ಹೋಗದ ಕಪ್ಪು ಇತ್ತು. ಅವನ ಉಗುರಿನಲ್ಲಿದ್ದದ್ದೇ ಅದು. "ಕೂಸಿನ ನೆತ್ತಿ ತುಂಬ ಹಕ್ಕಳಿ ಕಟ್ಟ್ಯಾವಲೇ," ಎಂದಳು. "ಕೊಬ್ರಿ ಎಣ್ಣ್ಯಾಗ ಇದು ಒಂದೆರಡು ಹನಿ ಕಲಸಿ ಹಚ್ಚಿದ್ರ ಹೆಂಗ?" ಅವಳ ಕೈಯಲ್ಲಿ ನೀಲಿ ಬಾಟಲಿ ಇತ್ತು. ಅವನು ಬಾಯಿ ತೆರೆದ. ತಾಟಿನಲ್ಲಿ ಬಿದ್ದಿದ್ದ, ಕಣ್ಣಿಲ್ಲದ ಆ ಮಗ್ಗುಲು ಕಣ್ಣ ಮುಂದೆ ಬಂತು. ಅಕ್ಕನ ಮುಖ ಇಪ್ಪತ್ತು ವರ್ಷ ಸಣ್ಣದಾಗಿ ಕಾಣುತ್ತಿತ್ತು. "ಹೂಂ... ನೋಡು..." ಎಂದ. ಅವಳಿಗೆ ಹೂಂ ಮಾತ್ರ ಸಾಕಿತ್ತು. ಬಾಟಲಿಯನ್ನು ಸೆರಗಿನಲ್ಲಿ ಸಿಕ್ಕಿಸಿಕೊಂಡು ಸರಸರ ನಡೆದಳು.

ಅವನು ಅಂಗಿ ಹಾಕಿಕೊಂಡ. ಹಿತ್ತಲಿಗೆ ಹೋಗಿ ಮುಚ್ಚಿದ ಗುಂಡಿಯನ್ನು ನೋಡಿದ. ಅಲ್ಲಿ ಅವನ ಅಂಗೈಯ ಗುರುತು ಹಾಗೇ ಮೂಡಿತ್ತು. ಆಗ ಓಡಿದ. ಚಪ್ಪಲಿ ಇಲ್ಲದೆ, ಓಣಿಯವರು ನೋಡುತ್ತಿರುವಂತೆ ಓಡಿ ಉಮಾದೇವಿಯ ಅಂಗಳಕ್ಕೆ ಬಂದು ನಿಂತ. ಬಾಣಂತಿ ಎರೆದುಕೊಳ್ಳುವ ಬಚ್ಚಲಿಗೆ ಸೀರೆ ಅಡ್ಡ ಕಟ್ಟಿದ್ದರು. ಒಳಗಿಂದ ಹೊಗೆ, ನೀರಿನ ಸದ್ದು, ಕೂಸಿನ ಕಿರುಚು. ಗಂಡಸರು ಆ ಸೀರೆಯ ಹತ್ತಿರ ಹೋಗುವ ಹಾಗಿಲ್ಲ. ಅವನ ಕಾಲುಗಳು ತಾವಾಗಿ ನಿಂತುಬಿಟ್ಟವು.

"ಯಕ್ಕಾ!" ಎಂದು ಕೂಗಿದ. "ಹಚ್ಚಬ್ಯಾಡ ಯಕ್ಕಾ! ಆ ಎಣ್ಣಿ ವಿಷ ಐತಿ! ಮೊಟ್ಟಿ ಸತ್ತಿದ್ದು ಅದರಿಂದನ! ಮರಿ ನಿನ್ನ ಕೋಳಿವಲ್ಲ, ನಾ ಮಸ್ಕ್ಯಾಗ ತಂದೀನಿ!"

ಅಕ್ಕಿ ಆರಿಸುತ್ತಿದ್ದ ಉಮಾದೇವಿ ಮೊರ ಕೆಳಗಿಟ್ಟು ಅವನನ್ನು ಮೇಲಿಂದ ಕೆಳಗೆ ನೋಡಿದಳು. ಕಟ್ಟೆಯ ಮೇಲೆ ಅವಳ ಇದ್ದಿಲ ಗೆರೆಯ ಚಿಪ್ಪು ಜೋಪಾನವಾಗಿ ಇಟ್ಟಿತ್ತು. "ನಸುಕಿನಾಗ ಕುಡದು ಬಂದೀಯೇನೋ?" ಎಂದಳು. "ನನ್ನ ಗೆರಿ ನನಗ ಗುರ್ತು ಸಿಗಂಗಿಲ್ಲೇನು? ಗಂಡಸಿಗೇನು ಕೆಲಸ ಇಲ್ಲಿ, ನಡಿ ಆಚಿ."

ಒಳಗೆ ನೀರಿನ ಸದ್ದು ನಿಂತಿತು. ಕೂಸಿನ ಅಳುವೂ ನಿಂತಿತು. ಸೀರೆಯ ಆಚೆಯಿಂದ ಗ್ಯಾನಮ್ಮನ ದನಿ ಬಂತು, ನೆಮ್ಮದಿಯ ದನಿ, ಅವನನ್ನು ಸಣ್ಣವನಿದ್ದಾಗ ಮಲಗಿಸುತ್ತಿದ್ದ ದನಿ.

"ಅವ್ನ ಮಾತು ಹಿಡೀಬ್ಯಾಡ ಉಮವ್ವಾ, ಎರಡು ದಿನದಿಂದ ಅವ್ಗ ತಲಿ ನೆಟ್ಟಗಿಲ್ಲ. ಇಲ್ನೋಡು, ನೆತ್ತಿಗೆ ಕೈಯಿಟ್ಟ ಕೂಡ್ಲೇ ಕೂಸು ಹೆಂಗ ಸುಮ್ಮನಾತು."